ಅಚ್ಚಿನ ಮೇಲಿನ ತಾರೀಖುಗಳು

ಬೂಟು ಹೊಲಿಯುವವನಿಗೆ ಮೊದಲು ಅನುಮಾನ ಬಂದದ್ದು ಬೂಟಿನ ಮೇಲೆ, ಕಾಲಿನ ಮೇಲಲ್ಲ. ಐವತ್ತೆಂಟರ ಆಸಾಮಿ, ಮೂವತ್ತೈದು ವರ್ಷದಿಂದ ಊರವರ ಕಾಲಿನ ಅಳತೆ ತೆಗೆದವನು. ಸಂಜೆಯಾದರೆ ತನ್ನ ಬೂಟು ಬಿಗಿಯಾಗತೊಡಗಿದಾಗ ತೊಗಲು ಕುಗ್ಗಿದೆಯೆಂದು ಹಿಗ್ಗಿಸಿಕೊಂಡ. ಮತ್ತೆ ಬಿಗಿಯಾಯಿತು. ಆಗ ತನ್ನ ಅಚ್ಚನ್ನು ಗೂಡಿನಿಂದ ಇಳಿಸಿದ.

ಆ ಅಂಗಡಿಯಲ್ಲಿ ಖಾಯಂ ಗಿರಾಕಿಗಳಿಗೆಲ್ಲ ಒಂದೊಂದು ಜೊತೆ ಮರದ ಅಚ್ಚು ಇತ್ತು, ಅವರವರ ಕಾಲಿನ ಆಕಾರಕ್ಕೇ ಕೆತ್ತಿದ್ದು. ಗಿರಾಕಿಯ ಪಾದ ದಪ್ಪಗಾದರೆ ಅಚ್ಚಿನ ಆ ಜಾಗಕ್ಕೆ ತೊಗಲಿನ ತುಂಡು ಅಂಟಿಸಿ, ಉಜ್ಜಿ, ಅದರ ಮೇಲೆ ಪೆನ್ಸಿಲಿನಲ್ಲಿ ತಾರೀಖು ಬರೆಯುವುದು ಅವನಪ್ಪನ ಕಾಲದ ಪದ್ಧತಿ. ತಾರೀಖು ಮರೆತರೆ ಅಪ್ಪ ಅದೇ ಅಚ್ಚಿನಿಂದ ಬೆರಳ ಗೆಣ್ಣಿಗೆ ಕುಟ್ಟುತ್ತಿದ್ದ. ಹೀಗಾಗಿ ಇವನು ತನ್ನ ಅಚ್ಚಿಗೂ ತುಂಡು ಅಂಟಿಸಿದ, ತಾರೀಖು ಬರೆದ. ಏಳು ತಿಂಗಳಲ್ಲಿ ಐದು ಸಲ. ಮೂರನೆಯ ತುಂಡಿನ ಹೊತ್ತಿಗೆ ತೊಗಲಿನದಲ್ಲ ತಪ್ಪು ಎಂದು ಅವನಿಗೂ ಅನ್ನಿಸಿತ್ತು. ಆದರೆ ಆ ಅಚ್ಚಿಗೇರಿಸಿ ಹಿಗ್ಗಿಸಿದ ಬೂಟು ಹಿತವಾಗಿತ್ತು. ಬೇರೆ ಕಸುಬಿನವನಾಗಿದ್ದರೆ ಕಾಲು ಬೂಟಿನಲ್ಲಿ ಹಿಡಿಸದೆ ಎಂದೋ ಆಸ್ಪತ್ರೆ ಸೇರಿರುತ್ತಿದ್ದ.

ಬೂಟಿನ ಮೇಲ್ಭಾಗ ಹೊಲಿಯುವುದು ಅಕ್ಕನ ಕೆಲಸ. ಹಿಂದಿನ ಕೋಣೆಯಲ್ಲಿ ಅವಳ ಮಿಷನ್ನು. ಹತ್ತು ಹೆಜ್ಜೆಗೇ ತಮ್ಮ ಏದುಸಿರು ಬಿಡುವುದು ಮಿಷನ್ನಿನ ಸದ್ದಿನಲ್ಲೂ ಕೇಳತೊಡಗಿದ ದಿನ ಅವಳು ಎದ್ದು ಬಂದಳು.

"ಏಳೋ, ಆಸ್ಪತ್ರೆಗೆ."

"ಒಂದು ವಾರ ಬಿಟ್ಟು ಹೋಗೋಣ ಅಕ್ಕ. ಕೆಲಸ ಕೂತಿದೆ."

"ವಾರ ಬಿಟ್ರೆ ನಿನ್ನನ್ನ ನಾಲ್ಕು ಜನ ಎತ್ಕೊಂಡು ಹೋಗ್ಬೇಕಾಗತ್ತೆ. ಅವ್ರಿಗೂ ಕೆಲಸ ಇರತ್ತೆ. ಏಳು."

ಡಾಕ್ಟರು ಅಕ್ಕನ ಮಗಳ ವಯಸ್ಸಿನವಳು. ಅವನ ಎದೆಯ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತುಸು ಹೊತ್ತು ನೋಡಿದಳು. ಅವನ ಮೊಣಕಾಲಿನ ಕೆಳಗೆ ಬೆರಳಿನಿಂದ ಒತ್ತಿ ತೆಗೆದಳು. ಗುಳಿ ಹಾಗೇ ಉಳಿಯಿತು.

"ಈ ಊತ ಯಾವಾಗಿಂದ?"

"ಒಂದು ವಾರ ಇರ್ಬೇಕು. ನಿಂತು ಮಾಡೋ ಕೆಲಸ ಅಲ್ವಾ ಮೇಡಂ."

"ಸರಿಯಾಗಿ ನೆನಪು ಮಾಡ್ಕೊಳ್ಳಿ. ಒಂದು ವಾರದ್ದು ಅಂದ್ರೆ ನಾನು ಹುಡುಕೋ ಕಾರಣಗಳೇ ಬೇರೆ. ತಿಂಗಳುಗಟ್ಟಲೆ ಅಂದ್ರೆ ಬೇರೆ."

"ವಾರವೇ."

ಅಡ್ಮಿಟ್ ಮಾಡಿಬಿಡುತ್ತಾರೆ ಎಂಬ ಹೆದರಿಕೆ ಅವನದು. ಅವನನ್ನು ಹೃದಯದ ಸ್ಕ್ಯಾನಿಗೆಂದು ಎಕೋ ಕೋಣೆಗೆ ಕರೆದೊಯ್ದಾಗ ಅಕ್ಕ ಹೊರಗಿನ ಬೆಂಚಿನ ಮೇಲೆ ಕೂತು ಯೋಚಿಸಿದಳು. ಈ ವರ್ಷ ಯಾರೋ ಗಿರಾಕಿಗೆಂದು ತಮ್ಮ ಎರಡು ಸಲ ಮೇಲ್ಭಾಗ ಹೊಲಿಸಿದ್ದ. ಎರಡನೆಯದು ಮೊದಲನೆಯದಕ್ಕಿಂತ ಅಗಲ. ಆ ಗಿರಾಕಿಯನ್ನು ಅವಳು ಕಂಡಿರಲಿಲ್ಲ. ಅಂಗಡಿ ಎರಡು ಬೀದಿಯಾಚೆ. ಹೋದಳು, ಗೂಡಿನಲ್ಲಿ ತಡಕಿದಳು, ಬಟ್ಟೆಚೀಲದಲ್ಲಿ ಒಂದು ಅಚ್ಚು ಹಾಕಿಕೊಂಡು ಬಂದಳು.

ಅಷ್ಟರಲ್ಲಿ ಡಾಕ್ಟರ ಮೇಜಿನ ಮುಂದೆ ತಮ್ಮ ಚೌಕಾಸಿಗೆ ಇಳಿದಿದ್ದ.

"ಹೃದಯ ದೊಡ್ಡದಾದ್ರೆ ಬಲ ಬಂತು ಅಂತಲೇ ಅಲ್ವಾ? ಪೈಲ್ವಾನನ ತೋಳು ದಪ್ಪ ಆಗಲ್ವಾ?"

"ನಿಮ್ಮದು ಹಾಗೆ ಬೆಳೆದಿದ್ದಲ್ಲ, ಹಿಗ್ಗಿದ್ದು. ಗೋಡೆ ಸಡಿಲ ಆಗಿದೆ. ಒಂದೊಂದು ಬಡಿತಕ್ಕೂ ಒಳಗಿನ ರಕ್ತದಲ್ಲಿ ಅರ್ಧಕ್ಕಿಂತ ಜಾಸ್ತಿ ಹೊರಗೆ ತಳ್ಳಬೇಕು. ನಿಮ್ಮದು ಮೂವತ್ತು ಪರ್ಸೆಂಟ್ ತಳ್ತಿದೆ. ಅದಕ್ಕೇ ನೀರು ಮೈಯಲ್ಲೇ ನಿಲ್ತಿದೆ, ಪಾದದಲ್ಲಿ, ಶ್ವಾಸಕೋಶದಲ್ಲಿ. ಇದಕ್ಕೆ ಹಾರ್ಟ್ ಫೇಲ್ಯೂರ್ ಅಂತೀವಿ."

"ಹಾರ್ಟ್ ಫೇಲ್ ಆದೋನು ನಿಮ್ಮ ಮುಂದೆ ಹಿಂಗೆ ಕೂತು ವಾದ ಮಾಡ್ತಾನಾ?"

"ಮಾಡ್ತಾನೆ. ನೋಡ್ತಿದ್ದೀನಲ್ಲ. ಹೃದಯ ನಿಂತಿಲ್ಲ, ಅದರ ಕೆಲಸ ಸಾಲ್ತಿಲ್ಲ. ಹಿಗ್ಗಿರೋದು ಒಂದು ಗುರುತು ಅಷ್ಟೇ. ಯಾಕೆ ಹಿಗ್ತು ಅಂತ ಹುಡುಕಬೇಕು. ಒಂದೇ ವಾರದಲ್ಲಿ ಹೀಗಾಗಿದ್ರೆ..."

ಅಕ್ಕ ಚೀಲದಿಂದ ಅಚ್ಚು ತೆಗೆದು ಎಕ್ಸ್‌ರೇಯ ಪಕ್ಕದಲ್ಲಿಟ್ಟಳು. ಡಾಕ್ಟರು ಬೆಚ್ಚಿ ಹಿಂದೆ ಸರಿದಳು.

"ಹೆದರ್ಬೇಡಮ್ಮ, ಇವನ ಕಾಲೇ. ಬಾಯಿ ಸುಳ್ಳು ಹೇಳತ್ತೆ ಅಂತ ಇದನ್ನ ತಂದೆ. ಓದ್ಕೋ."

"ಅಕ್ಕ, ಎತ್ತಿಡು ಅದನ್ನ."

"ನೀನು ಸುಮ್ನಿರು. ಗಿರಾಕಿಯಂತೆ ಗಿರಾಕಿ."

ಡಾಕ್ಟರು ಅಚ್ಚನ್ನು ಕಿಟಕಿಯ ಕಡೆ ತಿರುಗಿಸಿ ಒಂದೊಂದೇ ತಾರೀಖು ಓದಿ ಬರೆದುಕೊಂಡಳು. ಕೊನೆಯ ಎರಡು ತುಂಡುಗಳ ನಡುವೆ ಹನ್ನೊಂದೇ ದಿನದ ಅಂತರ. "ಇಷ್ಟು ಚೆನ್ನಾಗಿ ಬರೆದಿಟ್ಟ ರೋಗಿ ನನಗೆ ಸಿಕ್ಕಿರ್ಲಿಲ್ಲ," ಎಂದಳು. ಆಮೇಲೆ ನಗದೆ ಕೇಳಿದಳು: "ಬಿಪಿ ಮಾತ್ರೆ?"

"ಆರು ವರ್ಷದ ಹಿಂದೆ ಕೊಟ್ಟಿದ್ರು. ಆರಾಮ ಅನ್ನಿಸ್ತು, ಬಿಟ್ಟೆ."

ಅವಳು ಅದನ್ನೂ ಬರೆದಳು. ಬೂಟಿನವನು ತನ್ನ ಅಚ್ಚನ್ನೇ ನೋಡುತ್ತಿದ್ದ.

"ಅದು ಮತ್ತೆ ಮೊದಲಿನ ಅಳತೆಗೆ ಬರತ್ತಾ ಮೇಡಂ? ಹೃದಯ?"

"ಮಾತ್ರೆ ಬಿಡದೆ ತಗೊಂಡ್ರೆ ಕೆಲವರದ್ದು ಕುಗ್ಗತ್ತೆ. ಕೆಲವರದ್ದು ಇಲ್ಲ. ನಿಮ್ಮದು ಯಾವ ಥರದ್ದು ಅಂತ ಇವತ್ತೇ ಹೇಳೋಕೆ ಬರಲ್ಲ. ನೀರಂತೂ ಇಳಿಸಬಹುದು. ಇವತ್ತು ಇಲ್ಲೇ ಇರ್ಬೇಕು ನೀವು."

ಅವನು ಅಚ್ಚಿನ ಕೊನೆಯ ತುಂಡಿನ ಮೇಲೆ ಬೆರಳಾಡಿಸಿದ. "ಇನ್ನೊಂದಿದೆ," ಎಂದ. "ಮಲಗಿದ್ರೆ ಉಸಿರು ಕಟ್ಟತ್ತೆ. ನಾಲ್ಕು ತಿಂಗಳಾಯ್ತು, ಕುರ್ಚಿಯಲ್ಲಿ ಕೂತೇ ನಿದ್ದೆ."

"ಹೊಸ ಆರ್ಡರು ಅಂತ ರಾತ್ರಿಯೆಲ್ಲ ಅಂಗಡೀಲೇ ಉಳ್ಕೊಳ್ತಿದ್ದೆಯಲ್ಲೋ!" ಎಂದಳು ಅಕ್ಕ. ಅವಳ ದನಿ ಬೈಗುಳಕ್ಕೆ ಸಾಲಲಿಲ್ಲ.

ಡಾಕ್ಟರು ಬರೆಯುತ್ತಲೇ ಇದ್ದಳು. "ಬೇರೆ ಏನಾದ್ರೂ?"

"ಕೆಮ್ಮು."

"ಅದು ಯಾವಾಗಿಂದ?"

ಬೂಟಿನವನು ಅಕ್ಕನ ಕಡೆ ನೋಡಿದ. ಅವಳು ಕಿಟಕಿಯ ಆಚೆ ನೋಡುತ್ತಿದ್ದಳು.

"ತಾರೀಖೇ ಹೇಳ್ತೀನಿ, ಬರ್ಕೊಳ್ಳಿ," ಎಂದ.