ಅಗ್ಗದ ಹೊತ್ತಿನ ಗುಡ್ಡ

ಹಳೆಯ ಮೀಟರಿನ ಕಾಲದಲ್ಲಿ ಆ ಮನೆಯ ಯಜಮಾನ ನೆಮ್ಮದಿಯ ಮನುಷ್ಯನಾಗಿದ್ದ. ತಿಂಗಳಿಗೊಮ್ಮೆ ಬಿಲ್ಲು ಬಂದಾಗ ಅರ್ಧ ದಿನ ಕೂಗಾಡುತ್ತಿದ್ದ, ಲೈಟು ಆರಿಸದ ಮಗಳನ್ನು ಬೈಯುತ್ತಿದ್ದ, ಮರುದಿನ ಎಲ್ಲವನ್ನೂ ಮರೆತು ತನ್ನ ಲಿಫ್ಟ್ ರಿಪೇರಿ ಕೆಲಸಕ್ಕೆ ಹೊರಡುತ್ತಿದ್ದ. ಮೆಟ್ಟಿಲ ಕೆಳಗಿನ ಡಬ್ಬದಲ್ಲಿ ತನ್ನ ಪಾಡಿಗೆ ತಾನು ತಿರುಗುತ್ತಿದ್ದ ಚಕ್ರವನ್ನು ಕಳಚಿ, ಸ್ಮಾರ್ಟ್ ಮೀಟರ್ ಕೂರಿಸಿ ಹೋದರು ನೋಡಿ, ಅಂದೇ ಅವನ ನೆಮ್ಮದಿಗೆ ಕಲ್ಲು ಬಿತ್ತು. ಮೀಟರಿನ ಜೊತೆ ಫೋನಿಗೊಂದು ಆ್ಯಪ್ ಬಂತು. ಮನೆ ಅರ್ಧರ್ಧ ಗಂಟೆಗೆ ಎಷ್ಟು ಕರೆಂಟು ತಿಂದಿತು ಎಂಬುದು ಅದರಲ್ಲಿ ಗೆರೆಯಾಗಿ ಕಾಣುತ್ತಿತ್ತು. ಗೀಸರ್ ಹಾಕಿದರೆ ಗೆರೆ ಎದ್ದು ಗುಡ್ಡವಾಗುತ್ತಿತ್ತು, ಆರಿಸಿದರೆ ಮಲಗಿ ಬಯಲಾಗುತ್ತಿತ್ತು.

ಅದರಿಂದ ಒಳ್ಳೆಯದೇನೂ ಆಗಲಿಲ್ಲ ಎಂದರೆ ಸುಳ್ಳಾದೀತು. ಫ್ರಿಜ್ಜಿನ ಬಾಗಿಲಿನ ರಬ್ಬರ್ ಹರಿದು, ಅದು ಹಗಲೂ ರಾತ್ರಿ ಏದುಸಿರು ಬಿಡುತ್ತಿದ್ದುದು ಗೆರೆ ನೋಡಿಯೇ ಗೊತ್ತಾಯಿತು. ರಬ್ಬರ್ ಬದಲಾಯಿಸಿದ, ಬಿಲ್ಲು ಇಳಿಯಿತು. ಮೀಟರ್ ಓದುವವನಿಗಾಗಿ ರಜೆ ಹಾಕಿ ಕಾಯುವ ಗೋಳೂ ತಪ್ಪಿತು. ಹನ್ನೊಂದರಿಂದ ಎರಡರವರೆಗೆ ಕರೆಂಟು ಅಗ್ಗ, ಸಂಜೆ ದುಬಾರಿ ಎಂದು ತಿಳಿದ ಮೇಲಂತೂ ಅವನು ಒಂದು ರಟ್ಟಿನ ಮೇಲೆ "ಅಗ್ಗದ ಹೊತ್ತು" ಎಂದು ದಪ್ಪ ಅಕ್ಷರದಲ್ಲಿ ಬರೆದು ವಾಷಿಂಗ್ ಮೆಷಿನ್ನಿಗೆ ಅಂಟಿಸಿದ. ಆ ಹೊತ್ತಿನಲ್ಲಿ ಮನೆಯಲ್ಲಿ ನರಪಿಳ್ಳೆಯೂ ಇರುವುದಿಲ್ಲ ಎಂಬುದು ಬೇರೆ ಮಾತು. ಹೆಂಡತಿ ಪಕ್ಕದ ಬೀದಿಯ ಔಷಧಿ ಅಂಗಡಿಯಲ್ಲಿ, ಮಗಳು ಕಾಲೇಜಿನಲ್ಲಿ. ರಿಟೈರಾದ ಡ್ರಿಲ್ ಮೇಷ್ಟ್ರಾದ ಅವನ ಅಪ್ಪ, ಇಸ್ತ್ರಿಯ ಗೆರೆ ಮುರಿಯದ ಪ್ಯಾಂಟು ತೊಟ್ಟು ಬೆಳಿಗ್ಗೆ ಲೈಬ್ರರಿಗೆ ಹೊರಟರೆ ಸಂಜೆಗೇ ವಾಪಸ್ಸು. ಹೆಂಡತಿ ಬಟ್ಟೆ ಒಗೆಯಲು ಹಾಕುತ್ತಿದ್ದುದು ದುಬಾರಿ ಹೊತ್ತಿನಲ್ಲೇ, ಇವನ ಉಪದೇಶ ಶುರುವಾಗುತ್ತಿದ್ದುದೂ ಆಗಲೇ. ಮಗಳು ಅವನಿಗೆ "ಪವರ್ ಮಿನಿಸ್ಟ್ರು" ಎಂದು ಹೆಸರಿಟ್ಟಳು. ಹೆಸರು ಅಂಟಿಕೊಂಡಿತು. ನಾವೂ ಹಾಗೇ ಕರೆಯೋಣ.

ಮಿನಿಸ್ಟ್ರಿಗೆ ಆ್ಯಪ್ ನೋಡುವುದು ಚಟವಾಯಿತು. ಲಿಫ್ಟಿನ ನೆತ್ತಿಯ ಮೇಲೆ ಕೂತು ಗ್ರೀಸ್ ಹಚ್ಚುವಾಗಲೂ ಮೊಣಕೈಯಿಂದ ಫೋನ್ ಸರಿಸಿ ಮನೆಯ ಗೆರೆ ನೋಡುತ್ತಿದ್ದ. ಹಾಗೆ ನೋಡುವಾಗಲೇ ಒಂದು ಮಧ್ಯಾಹ್ನ ಆ ಗುಡ್ಡ ಕಣ್ಣಿಗೆ ಬಿತ್ತು. ಯಾರೂ ಇಲ್ಲದ ಮನೆಯಲ್ಲಿ ಒಂದು ದೊಡ್ಡ ಗುಡ್ಡ, ಅದರ ಹಿಂದೆ ಒಂದು ಮರಿಗುಡ್ಡ. ಹಿಂದಿನ ದಿನಗಳನ್ನು ತಿರುವಿ ನೋಡಿದ. ವಾರದಲ್ಲಿ ಎರಡು ಸಲ, ಕೆಲವೊಮ್ಮೆ ಮೂರು ಸಲ, ಅದೇ ಜೋಡಿ ಗುಡ್ಡ. ಮನೆಯಲ್ಲಿ ಏನೋ ಬಿಸಿಯಾಗುತ್ತಿದೆ. ಯಾರೋ ಬಿಸಿ ಮಾಡುತ್ತಿದ್ದಾರೆ.

ಮೊದಲು ಮೀಟರಿನ ಮೇಲೆ ಗುಮಾನಿ ಬಂತು. ವಿದ್ಯುತ್ ಕಚೇರಿಗೆ ಫೋನ್ ಮಾಡಿದ. "ಮೀಟರ್ ಸರಿಯಾಗಿದೆ ಸಾರ್. ಎಷ್ಟು ಖರ್ಚಾಯ್ತು ಅಂತ ಅದು ಹೇಳುತ್ತೆ. ಯಾರು ಖರ್ಚು ಮಾಡಿದ್ರು ಅಂತ ನೀವೇ ನೋಡ್ಕೋಬೇಕು," ಎಂದಳು ಅತ್ತಲಿನ ಹುಡುಗಿ. ಆಮೇಲೆ ಪಕ್ಕದ ಮನೆಯವರು ವೈರು ಎಳೆದಿದ್ದಾರೆಂದು ಗೋಡೆಯುದ್ದಕ್ಕೂ ಟಾರ್ಚ್ ಬಿಟ್ಟು ಹುಡುಕಿದ. ಜೇಡರ ಬಲೆ ಬಿಟ್ಟರೆ ಏನೂ ಸಿಗಲಿಲ್ಲ.

ಆ ರಾತ್ರಿ ಊಟಕ್ಕೆ ಕೂತಾಗ ಮಿನಿಸ್ಟ್ರು ತಡೆಯಲಾರದೆ ಬಾಯಿಬಿಟ್ಟ.

"ಹಗಲೊತ್ತು ಯಾರೋ ನಮ್ಮನೆಗೆ ನುಗ್ತಾ ಇದ್ದಾರೆ."

"ಏನ್ ಹೋಗಿದೆ ಮನೇಲಿ?" ಎಂದಳು ಹೆಂಡತಿ.

"ಕರೆಂಟು ಹೋಗಿದೆ."

ಮಗಳು ಫೋನ್ ಕಿತ್ತುಕೊಂಡು ಗುಡ್ಡ ನೋಡಿ ಕಿಸಕ್ಕನೆ ನಕ್ಕಳು. "ಅಪ್ಪಾ, ನಿಮ್ಮ ಕಳ್ಳ ಸರಿಯಾಗಿ ಹನ್ನೊಂದು ಗಂಟೆ ಆದ್ಮೇಲೇ ಬರ್ತಾನೆ. ಅಗ್ಗದ ಹೊತ್ತು! ಈ ಮನೇಲಿ ನಿಮ್ಮ ಮಾತು ಕೇಳೋನು ಅವನೊಬ್ಬನೇ."

"ನಿಂಗೆಲ್ಲಾ ತಮಾಷೆ. ಯಾರು ಅಂತ ಹಿಡಿದೇ ಹಿಡೀತೀನಿ, ನೋಡ್ತಿರು. ಹಿಡಿದು ನಿಮ್ಮೆಲ್ಲರ ಎದುರೇ ನಿಲ್ಲಿಸ್ತೀನಿ."

ಮೇಷ್ಟ್ರು ತಲೆ ಎತ್ತದೆ ಉಣ್ಣುತ್ತಿದ್ದರು. ಅವರದು ಯಾವಾಗಲೂ ಮಿತಭಾಷೆ. ನೀರಿನ ಲೋಟವನ್ನು ಅರ್ಧಕ್ಕೇ ಇಟ್ಟು, ತಟ್ಟೆ ತೊಳೆದಿಟ್ಟು, ತಮ್ಮ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಆ ಕೋಣೆಗೆ ಬೇರೆಯವರು ಕಾಲಿಡುವ ಪ್ರಸಂಗವೇ ಇರಲಿಲ್ಲ. ಹಾಸಿಗೆ ಕೊಡವುವುದು, ಹೊದಿಕೆ ಮಡಿಸುವುದು, ನೆಲ ಗುಡಿಸುವುದು ಎಲ್ಲ ಅವರದೇ ಶಿಸ್ತು.

ಮರುದಿನ ಗುಡ್ಡ ಏಳಲಿಲ್ಲ. ಅದರ ಮರುದಿನವೂ ಇಲ್ಲ. ಮಿನಿಸ್ಟ್ರಿಗೆ ಸಮಾಧಾನವಾಗಬೇಕಿತ್ತು, ದಿಗಿಲಾಯಿತು. ಗುಡ್ಡ ದಿನವೂ ಏಳುವಂಥದ್ದಲ್ಲ ಎಂಬುದು ಅವನಿಗೆ ಹೊಳೆಯಲೇ ಇಲ್ಲ. ಊಟದ ಮೇಜಿನಲ್ಲಿ ಆಡಿದ ಮಾತು ಕಳ್ಳನಿಗೆ ತಲುಪಿದೆ ಎಂದಾಯಿತಲ್ಲ. ಮಗಳ ಕಾಲೇಜು ಊರಾಚೆ, ನಡುವೆ ಬಂದು ಹೋಗಲು ಸಾಧ್ಯವಿಲ್ಲ. ಅಪ್ಪನನ್ನು ಅವನು ಲೆಕ್ಕಕ್ಕೇ ಹಿಡಿಯಲಿಲ್ಲ. ಹೇಳಿದ ಹೊತ್ತಿಗೆ ಹೇಳಿದ ಜಾಗದಲ್ಲಿರುವುದು ಮೇಷ್ಟ್ರ ಜಾಯಮಾನ. ಉಳಿದವಳು ಹೆಂಡತಿ. ಔಷಧಿ ಅಂಗಡಿಯಿಂದ ಮನೆಗೆ ಕೂಗಳತೆ ದೂರ. ನಡು ಹಗಲಲ್ಲಿ ಮನೆಗೆ ಬಂದು ಅವಳು ಏನನ್ನು ಬಿಸಿ ಮಾಡುತ್ತಾಳೆ, ಯಾರಿಗಾಗಿ? ಯೋಚನೆ ಬಂದ ಕೂಡಲೇ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ಹೇಸಿಗೆಯಾದರೂ ಯೋಚನೆ ಮಾತ್ರ ಎದ್ದು ಹೋಗಲಿಲ್ಲ.

ಕೇಳಿಬಿಟ್ಟರೆ ಮುಗಿಯುತ್ತಿತ್ತು. ಅವನು ಕೇಳಲಿಲ್ಲ. ಅವಳು ನಕ್ಕರೆ ಯಾಕೆ ನಕ್ಕಳು ಎಂದು ನೋಡಿದ, ಸುಮ್ಮನಿದ್ದರೆ ಯಾಕೆ ಸುಮ್ಮನಿದ್ದಾಳೆ ಎಂದು ನೋಡಿದ. "ಏನ್ರೀ, ನನ್ನ ಮುಖದಲ್ಲಿ ಮೀಟರ್ ಓಡ್ತಾ ಇದೆಯಾ?" ಎಂದು ಅವಳು ಒಮ್ಮೆ ಕೇಳಿಯೂ ಕೇಳಿದಳು. ಮಿನಿಸ್ಟ್ರು ತಬ್ಬಿಬ್ಬಾಗಿ ಆ ಕಡೆ ತಿರುಗಿದ. ಕೆಲಸದಲ್ಲಿ ಸ್ಪ್ಯಾನರ್ ಕೈಜಾರುತ್ತಿತ್ತು, ಕೂತಲ್ಲಿ ಕೂರಲಾಗುತ್ತಿರಲಿಲ್ಲ, ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ.

ಮೂರನೆಯ ದಿನ ಗುಡ್ಡ ಮತ್ತೆ ಎದ್ದಿತು. ಆ ಸಂಜೆ ಅವನು ಆ್ಯಪಿನ ಮೂಲೆಯಲ್ಲಿ "ಮಿತಿ" ಎಂಬ ಸೌಲಭ್ಯವನ್ನು ಕಂಡುಹಿಡಿದ. ಇಂತಿಂಥ ಹೊತ್ತಿನಲ್ಲಿ ಇಷ್ಟಕ್ಕಿಂತ ಹೆಚ್ಚು ಕರೆಂಟು ಎಳೆದರೆ ಮೀಟರು ತಾನಾಗಿಯೇ ಇಡೀ ಮನೆಯ ಕರೆಂಟು ಕಡಿಯುತ್ತದೆ, ಯಜಮಾನ ಫೋನಿನಲ್ಲಿ ಗುಂಡಿ ಒತ್ತುವವರೆಗೂ ಬರುವುದಿಲ್ಲ. ಅಗ್ಗದ ಹೊತ್ತಿಗೆ ಫ್ರಿಜ್ಜಿನಷ್ಟು ಮಾತ್ರ ಮಿತಿ ಇಟ್ಟ. ಇಲಿಗೆ ಬೋನಿಟ್ಟವನ ಹಾಗೆ ಒಂದು ಬಗೆಯ ಖುಷಿಯೂ ಆಯಿತು ಅವನಿಗೆ.

ಬೋನಿಗೆ ಬಿದ್ದದ್ದು ಒಂದು ವಾರದೊಳಗೆ. ಆ ಹೊತ್ತಿಗೆ ಮಿನಿಸ್ಟ್ರು ಒಂದು ಕಚೇರಿ ಕಟ್ಟಡದಲ್ಲಿದ್ದ. ಲಿಫ್ಟು ಎರಡು ಮಹಡಿಗಳ ನಡುವೆ ನಿಂತು, ದೀಪವೂ ಆರಿ, ಒಳಗೊಬ್ಬರು ಸಿಕ್ಕಿಕೊಂಡಿದ್ದರು. ಅವನ ಕೆಲಸದಲ್ಲಿ ಒಂದು ಕಟ್ಟುಪಾಡಿದೆ. ಲಿಫ್ಟು ನಡುವೆ ನಿಂತರೆ ಮೊದಲು ಯಂತ್ರ ಮುಟ್ಟಬಾರದು. ಬಾಗಿಲ ಸಂದಿಗೆ ಬಾಯಿಟ್ಟು ಕೇಳಬೇಕು.

"ಒಳಗೆ ಯಾರಿದ್ದೀರಿ? ಹೆದರ್ಬೇಡಿ, ನಾನು ಹೊರಗಡೇನೇ ಇದ್ದೀನಿ."

"ಮಾತಾಡ್ತಾ ಇರಿ," ಎಂದಿತು ಒಳಗಿನಿಂದ ಒಬ್ಬ ಹೆಂಗಸಿನ ದನಿ. "ಏನ್ ಮಾಡ್ತಾ ಇದ್ದೀರಿ ಅಂತ ಹೇಳ್ತಾ ಇರಿ. ಸುಮ್ಮನಾಗ್ಬೇಡಿ."

"ಬಾಗಿಲಿನ ಕೊಂಡಿ ಸಡಿಲಿಸ್ತಾ ಇದ್ದೀನಿ ಅಮ್ಮಾ. ಇದೊಂದು ಸ್ವಲ್ಪ ಮೊಂಡು..."

ಆಗ ಜೇಬಿನಲ್ಲಿ ಫೋನ್ ನಡುಗಿತು. ಮಿತಿ ಮೀರಿದೆ, ಪೂರೈಕೆ ನಿಲ್ಲಿಸಲಾಗಿದೆ. ಸಿಕ್ಕಿದ! ತನ್ನ ಮನೆಯಲ್ಲಿ, ತನ್ನ ಗೋಡೆಗಳ ನಡುವೆ, ಯಾರೋ ಈಗ ಕಕ್ಕಾಬಿಕ್ಕಿಯಾಗಿ ನಿಂತಿದ್ದಾರೆ. ಮಿನಿಸ್ಟ್ರು ಪರದೆಯನ್ನೇ ನೋಡುತ್ತ ನಿಂತುಬಿಟ್ಟ.

"ರೀ! ಎಲ್ಲಿ ಹೋದ್ರಿ? ಇದ್ದೀರಾ?" ಒಳಗಿನ ದನಿ ನಡುಗುತ್ತಿತ್ತು.

"ಇದ್ದೀನಿ, ಇದ್ದೀನಿ," ಎಂದು ತಡಬಡಾಯಿಸಿ ಕೊಂಡಿಗೆ ಕೈಹಾಕಿದ. ಬಾಗಿಲು ತೆರೆದು ಕೈಕೊಟ್ಟು ಇಳಿಸಿಕೊಂಡಾಗ ಆಕೆ ಬೆವರಿನಲ್ಲಿ ತೊಯ್ದಿದ್ದರು.

"ಕತ್ಲೆ ಆದ್ರೂ ತಡ್ಕೋಬಹುದಪ್ಪ," ಎಂದರು. "ನೀವು ಸುಮ್ಮನಾದ್ರಲ್ಲ, ಅದನ್ನ ತಡ್ಕೊಳಕ್ಕಾಗ್ಲಿಲ್ಲ."

ಸ್ಕೂಟರ್ ಹತ್ತಿದವನಿಗೆ ಈ ಮಾತು ಗಂಟಲಲ್ಲಿ ಸಿಕ್ಕ ಮುಳ್ಳಿನಂತೆ ಕಾಡತೊಡಗಿತು. ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನವರು ಹಾರ್ನ್ ಹೊಡೆದು ಎಬ್ಬಿಸಬೇಕಾಯಿತು. ಮನೆಯಲ್ಲಿರುವುದು ಹೆಂಡತಿಯೇ ಆಗಿದ್ದರೆ ಏನು ಮಾಡುವುದು? ಅವಳಲ್ಲದಿದ್ದರೆ ಅವಳ ಮುಖ ಹೇಗೆ ನೋಡುವುದು? ಔಷಧಿ ಅಂಗಡಿಯ ಮುಂದೆ ಹಾದುಹೋಗುವಾಗ ಕಣ್ಣು ತಾನಾಗಿಯೇ ಅತ್ತ ತಿರುಗಿತು. ಹೆಂಡತಿ ಕೌಂಟರಿನ ಹಿಂದೆ ನಿಂತು ಯಾರಿಗೋ ಮಾತ್ರೆ ತಿನ್ನುವ ಕ್ರಮ ಹೇಳುತ್ತಿದ್ದಳು. ಮಿನಿಸ್ಟ್ರಿಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಯಿತು. ಹಾಗಾದರೆ ಮನೆಯೊಳಗೆ ಇರುವುದು ಯಾರು?

ಕೀಲಿಕೈಯಿಂದ ಸದ್ದಿಲ್ಲದೆ ಬಾಗಿಲು ತೆರೆದ. ಬಚ್ಚಲುಮನೆಗೆ ಕಿಟಕಿಯಿರಲಿಲ್ಲ, ಒಳಗೆ ಕತ್ತಲು. ಫೋನಿನ ಟಾರ್ಚನ್ನು ನೆಲದ ಮೇಲೆ ಒರಗಿಸಿಟ್ಟು, ವಾಷಿಂಗ್ ಮೆಷಿನ್ನಿನ ಮುಂದೆ ಒಬ್ಬರು ಮೊಣಕಾಲೂರಿ ಕೂತಿದ್ದರು. ಬೆನ್ನು ಇತ್ತ ಕಡೆ. ಗೆರೆ ಮುರಿಯದ ಆ ಪ್ಯಾಂಟು ಮೊಣಕಾಲವರೆಗೆ ಒದ್ದೆ. ಕರೆಂಟು ಹೋದಾಗ ಬಿಗಿದುಕೊಂಡ ದುಂಡು ಬಾಗಿಲನ್ನು ಎರಡೂ ಕೈಯಲ್ಲಿ ಎಳೆಯುತ್ತಿದ್ದರು. ಗಾಜಿನ ಹಿಂದೆ ನೊರೆನೀರಿನಲ್ಲಿ ಬಿಳಿಯ ಹಾಸು ಮುದುಡಿಕೊಂಡಿತ್ತು.

"ಬಿಡೋ ಮಾರಾಯ," ಎನ್ನುತ್ತಿದ್ದರು ಮೇಷ್ಟ್ರು ಮೆಷಿನ್ನಿಗೆ, ಪಿಸುದನಿಯಲ್ಲಿ. "ಅವರೆಲ್ಲಾ ಬಂದ್ಬಿಡ್ತಾರೆ. ಬಿಡೋ."

ಅತ್ತ ಅಪ್ಪನ ಕೋಣೆಯ ಕಿಟಕಿಗೆ ಹಾಸಿಗೆಯನ್ನು ಎತ್ತಿ ನಿಲ್ಲಿಸಲಾಗಿತ್ತು. ನಡುವೆ ಒಂದು ಒದ್ದೆ ಗುರುತು. ಪಕ್ಕದಲ್ಲಿ ಇಸ್ತ್ರಿ ಪೆಟ್ಟಿಗೆ, ಒಗೆದದ್ದನ್ನು ಒಣಗಿಸಿ ಮಡಿಸಿಡಲು ಸಜ್ಜಾಗಿತ್ತು. ಮೆಷಿನ್ನು ನೀರು ಕಾಯಿಸುವುದು ದೊಡ್ಡ ಗುಡ್ಡ, ಇಸ್ತ್ರಿ ಮರಿಗುಡ್ಡ. ಎರಡೂ ಮಿನಿಸ್ಟ್ರಿಗೆ ಒಟ್ಟಿಗೇ ಅರ್ಥವಾದವು. ಹಿಡಿದು ಎಲ್ಲರ ಎದುರು ನಿಲ್ಲಿಸುತ್ತೇನೆ ಎಂದಿದ್ದನಲ್ಲ, ಅದು ನೆನಪಾಯಿತು. ಈ ಮನೆಯಲ್ಲಿ ತನ್ನ ಅಗ್ಗದ ಹೊತ್ತನ್ನು ಪಾಲಿಸಿದವರು ಇವರೊಬ್ಬರೇ, ಅಂಥ ಸಂಕಟದಲ್ಲೂ.

ಅಪ್ಪಾ ಎಂದು ಕೂಗಬೇಕೆನಿಸಿತು. ಕೂಗಿದ್ದರೆ ಆ ಬೆನ್ನು ಮತ್ತೆಂದೂ ನೆಟ್ಟಗಾಗುತ್ತಿರಲಿಲ್ಲ. ಅವನು ಉಸಿರು ಬಿಗಿಹಿಡಿದು ಹಿಂದೆ ಹಿಂದೆ ಸರಿದ, ಬಾಗಿಲು ಎಳೆದುಕೊಂಡ, ಬೆಕ್ಕಿನ ಹೆಜ್ಜೆಯಲ್ಲಿ ಮೆಟ್ಟಿಲಿಳಿದ. ಕೆಳಗೆ ನಿಂತು ಮೊದಲು ಮಿತಿಯನ್ನು ಅಳಿಸಿದ, ಆಮೇಲೆ ಗುಂಡಿ ಒತ್ತಿದ. ಮೇಲೆ ಮೆಷಿನ್ನು ಗುರ್ರೆಂದು ತಿರುಗತೊಡಗಿತು. ಈಗ ಬೂಟುಗಾಲನ್ನು ಧಡಧಡ ಅಪ್ಪಳಿಸುತ್ತ ಹತ್ತಿದ, ತನ್ನ ಮನೆಯ ಬಾಗಿಲನ್ನು ತಾನೇ ತಟ್ಟಿದ, ಸಂದಿಗೆ ಬಾಯಿಟ್ಟು ಕೇಳಿದ.

"ಒಳಗೆ ಯಾರಿದ್ದೀರಿ?"

ಒದ್ದೆ ಹೆಜ್ಜೆಗಳು ಬಾಗಿಲ ಬಳಿಗೆ ಬಂದು ನಿಂತವು.

"ನಾನು ಕಣೋ. ಲೈಬ್ರರಿ... ಇವತ್ತು ಬೇಗ ಮುಚ್ಚಿದ್ರು."

"ಕೀ ಮರ್ತು ಹೋಗಿದ್ದೆ ಅಪ್ಪಾ," ಎಂದ ಮಿನಿಸ್ಟ್ರು, ಕೀಲಿಕೈಯನ್ನು ಅಂಗೈಯಲ್ಲಿ ಒತ್ತಿ ಹಿಡಿದು. "ಏನೂ ಅವಸರ ಇಲ್ಲ. ನಿಮ್ಮ ಕೆಲಸ ಮುಗಿಸ್ಕೊಂಡು ತೆಗೀರಿ. ನಾನಿಲ್ಲೇ ಮೆಟ್ಲ ಮೇಲೆ ಕೂತಿರ್ತೀನಿ."

ಕೂತ. ಸುಮ್ಮನೆ ಕೂರಲಿಲ್ಲ. ಲಿಫ್ಟಿನಲ್ಲಿ ಸಿಕ್ಕಿಕೊಂಡಿದ್ದವರ ಕತೆಯನ್ನು ಮೊದಲಿನಿಂದ ಹೇಳತೊಡಗಿದ, ಮುಚ್ಚಿದ ಬಾಗಿಲಿಗೆ, ಗಟ್ಟಿ ದನಿಯಲ್ಲಿ. ಒಳಗೆ ನೀರು ಬಸಿಯಿತು, ಮೆಷಿನ್ನು ಗಿರಗಿರನೆ ಸುತ್ತಿ ನಿಂತಿತು, ಹಾಸಿಗೆ ಎಳೆದ ಸದ್ದಾಯಿತು. ಕತೆ ಮುಗಿದಾಗ ಇನ್ನೊಂದು ಕತೆ ತೆಗೆದ. ನಡುನಡುವೆ ಒಳಗಿನಿಂದ "ಹೂಂ" ಎಂಬ ದನಿ ಬರುತ್ತಿತ್ತು. ಇಸ್ತ್ರಿಯ ಬಿಸಿವಾಸನೆ ಬಾಗಿಲ ಸಂದಿಯಿಂದ ಹೊರಬಂದು, ಅದೂ ಆರಿದ ಮೇಲೆ, ಬಾಗಿಲು ತೆರೆಯಿತು.

ರಾತ್ರಿ ಊಟಕ್ಕೆ ಕೂತಾಗ ಮಗಳು ಬಿಡಲಿಲ್ಲ. "ಅಪ್ಪಾ, ಇವತ್ತೂ ಗುಡ್ಡ ಬಂದಿದೆ. ಕಳ್ಳ ಸಿಕ್ಕಿದ್ನಾ?"

"ಆ ಗುಡ್ಡ ನಂದೇ," ಎಂದ ಮಿನಿಸ್ಟ್ರು. "ಗ್ರೀಸ್ ಬಟ್ಟೆ ಒಗೆಯೋಕೆ ನಡುವೆ ಬಂದು ಹೋಗ್ತೀನಿ. ಮರ್ತೇಬಿಟ್ಟಿದ್ದೆ."

"ನೀವು? ಒಗೆಯೋದು?" ಎಂದು ಹೆಂಡತಿ ಅವನ ಕೊಳೆ ಕಾಲರಿನತ್ತ ನೋಡಿದಳು. ಆಮೇಲೆ ಅವಳ ನೋಟ ಮಾವನ ಕಡೆ ಹೊರಳಿತು. ಮಾವನ ಖಾಲಿ ಲೋಟಕ್ಕೆ ನೀರು ತುಂಬಿಸಿದಳು.

ಮೇಷ್ಟ್ರು ಆ ನೀರನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. ಮಗನ ಮುಖವನ್ನು ನೇರವಾಗಿ ನೋಡಿದರು.

"ನಂದೂ ಒಂದೆರಡು ಇರ್ತವೆ," ಎಂದರು, ಮೈದಾನದಲ್ಲಿ ಸಾಲು ನಿಲ್ಲಿಸುವ ಹಳೆಯ ದನಿಯಲ್ಲಿ. "ನಿನ್ನ ಗ್ರೀಸ್ ಬಟ್ಟೆ ಜೊತೆ ಸೇರಿಸ್ಬೇಡ. ಮೊದಲು ನಂದಾಗ್ಲಿ, ಆಮೇಲೆ ನಿಂದು."

"ಆಗ್ಲಿ ಅಪ್ಪಾ," ಎಂದ ಮಿನಿಸ್ಟ್ರು. ಮಗಳ ಕೈಯಿಂದ ಫೋನ್ ತೆಗೆದುಕೊಂಡು ಬೋರಲು ಮಾಡಿಟ್ಟ.