ಹೊಡೆಯದೆ ಬಿಟ್ಟ ಕಾಲಾಳು

ದರ್ಜಿಗೆ ಚದುರಂಗದಲ್ಲಿ ಗೊತ್ತಿದ್ದದ್ದು ಒಂದೇ ಆರಂಭ. ಅದನ್ನೇ ಮಗಳಿಗೆ ಧಾರೆ ಎರೆದಿದ್ದ. ಇಬ್ಬರೂ ರಾಜನ ಮುಂದಿನ ಕಾಲಾಳನ್ನು ನಡೆಸಿದ ಮೇಲೆ, ಎರಡನೆಯ ನಡೆಯಲ್ಲೇ ಅದರ ಮಗ್ಗುಲಿನ ಕಾಲಾಳನ್ನು ಎರಡು ಮನೆ ಮುಂದೆ ತಳ್ಳಿ ‘ತಗೋ, ಹೊಡಿ’ ಎಂದು ಎದುರಾಳಿಗೆ ಒಡ್ಡುವುದು. ಹೊಡೆದರೆ ನಡುಮನೆ ನಮ್ಮದು. ಕುದುರೆ, ಒಂಟೆ ಹೊರಬಿದ್ದು ಅವರ ರಾಜನ ಮೇಲೆ ಮುಗಿಬೀಳುತ್ತವೆ. ನಮ್ಮ ರಾಜನ ಬಾಗಿಲೂ ಹಾರುಹೊಡೆದಿರುತ್ತದೆ, ಆ ಮಾತು ಬೇರೆ.

"ಪುಕ್ಕಟೆ ಸಿಕ್ಕಿದ್ದನ್ನ ಬೇಡ ಅನ್ನೋರು ಇನ್ನೂ ಹುಟ್ಟಿಲ್ಲ ಕಣಮ್ಮಾ" ಎನ್ನುತ್ತಿದ್ದ.

ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಆಡುವಾಗ ಕಪ್ಪು ಕಾಯಿ ಯಾವಾಗಲೂ ಅವನದೇ. ಆ ಕಾಲಾಳನ್ನು ಪ್ರತಿ ಸಲವೂ ಹೊಡೆಯುತ್ತಿದ್ದವನೂ ಅವನೇ. ಮಗಳು ಗೆಲ್ಲುವುದನ್ನು ನೋಡುವ ಆಸೆ, ಪಾಪ. ಅವಳ ಕೈ ಸರಿಯಾದ ನಡೆಯತ್ತ ಹೋದಾಗ, ಉಕ್ಕಿಬರುವ ನಗು ಮುಚ್ಚಲು ಸುಳ್ಳುಸುಳ್ಳೇ ಕೆಮ್ಮುತ್ತಿದ್ದ. "ಅಪ್ಪ ಕೆಮ್ಮಿದ್ರೆ ಮಗಳು ಗೆದ್ದ ಹಾಗೇ" ಎಂದು ಹೆಂಡತಿ ಗೇಲಿ ಮಾಡುತ್ತಿದ್ದಳು.

ಇವತ್ತು ಪಂದ್ಯದ ಕೊನೆಯ ಸುತ್ತು. ಗೆದ್ದರೆ ಹನ್ನೊಂದು ವರ್ಷದ ಮಗಳು ಜಿಲ್ಲಾ ತಂಡ ಸೇರುತ್ತಾಳೆ. ಸೋತರೆ ಕಾಯಿಗಳ ಡಬ್ಬಿ ಅಟ್ಟ ಸೇರುತ್ತದೆ. ಅದು ಅಮ್ಮನ ಕಟ್ಟಪ್ಪಣೆ. ಹೆತ್ತವರನ್ನೆಲ್ಲ ಹಗ್ಗದ ಆಚೆ ನಿಲ್ಲಿಸಿದ್ದರು. "ಮಾತಿಲ್ಲ, ಸನ್ನೆ ಇಲ್ಲ" ಎಂದು ತೀರ್ಪುಗಾರ ಮೊದಲೇ ಗದರಿದ್ದ.

ಮಗಳು ಕಾಲಾಳನ್ನು ಒಡ್ಡಿದಳು. ಎದುರಿನ ಕನ್ನಡಕದ ಹುಡುಗಿ ಅದನ್ನು ಕಣ್ಣೆತ್ತಿಯೂ ನೋಡದೆ ತನ್ನ ಒಂಟೆಯನ್ನು ಹೊರಗೆ ತಂದಿಟ್ಟಳು. ಬೇಡ ಅನ್ನುವವರು ಹುಟ್ಟಿದ್ದರು, ಎರಡು ಜಡೆ ಹಾಕಿಕೊಂಡು ಎದುರಿಗೇ ಕೂತಿದ್ದರು.

ಈಗ ಕನ್ನಡಕದವಳ ನಡುವಿನ ಕಾಲಾಳಿಗೆ ಕಾವಲಿಲ್ಲ. ಅದನ್ನು ಹೊಡೆದರೋ, ಕಪ್ಪು ರಾಣಿ ಓರೆಯಾಗಿ ಅಂಚಿಗೆ ಬಂದು ಚೆಕ್ ಕೊಡುತ್ತಾಳೆ. ಕಾಲಾಳು ಅಡ್ಡ ಇಟ್ಟರೆ, ಮಗಳ ನಡುವಿನ ಕಾಲಾಳನ್ನು ನುಂಗಿ ಮತ್ತೆ ಚೆಕ್, ಜೊತೆಗೆ ಮೂಲೆಯ ಆನೆಗೂ ಗುರಿ. ಆನೆ ಹೋದರೆ ಆಟ ಹೋದಂತೆ. ಬಾಗಿಲು ತೆರೆದಿಡಲು ಕಲಿಸಿದವನು, ಯಾರು ಒಳಗೆ ಬಂದಾರೆಂದು ಕಲಿಸಿರಲಿಲ್ಲ.

ಮಗಳ ಕೈ ಕಾವಲಿಲ್ಲದ ಆ ಕಾಲಾಳಿನತ್ತ ಚಾಚಿತು. ಏನೋ ಅನುಮಾನ, ಮುಟ್ಟದೆ ಹಿಂದೆ ಸರಿಯತೊಡಗಿತು. ಹಾಗೇ, ಹಾಗೇ ಮಗಳೇ ಎಂದು ದರ್ಜಿ ಒಳಗೊಳಗೇ ಅಂಗಲಾಚಿದ. ಬಾಯಿ ಬಿಡುವಂತಿಲ್ಲ, ತಲೆ ಆಡಿಸುವಂತಿಲ್ಲ. ಇಷ್ಟು ಅಸಹಾಯಕನಾಗಿ ಅವನು ಎಂದೂ ನಿಂತಿರಲಿಲ್ಲ. ಗಂಟಲೊಣಗಿ, ವರ್ಷಗಟ್ಟಲೆ ಕುಡಿದ ಬಟ್ಟೆಯ ಧೂಳೆಲ್ಲ ಒಮ್ಮೆಲೇ ಎದ್ದಂತಾಗಿ, ತಡೆಯಲಾರದೆ ಕೆಮ್ಮಿಬಿಟ್ಟ.

ಮಗಳ ಕೆನ್ನೆಯಲ್ಲಿ ಗುಳಿ ಬಿತ್ತು. ಹಿಂದೆಮುಂದೆ ನೋಡದೆ ಕಾಲಾಳನ್ನು ಹೊಡೆದಳು.

ಅರ್ಧ ಗಂಟೆಯಲ್ಲಿ ಎಲ್ಲ ಮುಗಿಯಿತು. ಹಗ್ಗ ದಾಟಿ ಬಂದ ಮಗಳು ಅಳುತ್ತಿರಲಿಲ್ಲ.

"ಹೊಡೀಬಾರ್ದು ಅಂತ್ಲೇ ಅಂದ್ಕೊಂಡಿದ್ದೆ ಅಪ್ಪಾ. ಆದ್ರೆ ನೀನು ಕೆಮ್ಮಿದೆಯಲ್ಲ?"

ದರ್ಜಿ ಅವಳ ಜಡೆಯನ್ನು ಸರಿಮಾಡಿದ.

"ಅದು ನಿಜವಾದ ಕೆಮ್ಮು ಕಣಮ್ಮಾ" ಎಂದ.