ಪಾಪಾಸುಕಳ್ಳಿಯ ಪೀಪಾಯಿ

ಗುಮಾಸ್ತಿಕೆ ಮುಗಿಸುವ ವರ್ಷ, ಸಾವಿರದ ಒಂಬೈನೂರ ಅರವತ್ತೆರಡರಲ್ಲಿ, ಜಯನಗರದಲ್ಲಿ ಸೈಟು ಸಿಕ್ಕಿತು. ಸಿಮೆಂಟಿನ ಪರ್ಮಿಟ್ಟು ಮಾತ್ರ ಸಿಗಲಿಲ್ಲ. ಹತ್ತು ತಿಂಗಳು ಅಲೆದು ಚಪ್ಪಲಿ ಸವೆಯಿತೇ ಹೊರತು ಒಂದು ಮೂಟೆ ಬರಲಿಲ್ಲ. ದೀಪಾವಳಿಯೊಳಗೆ ಗೋಡೆ ಏಳದಿದ್ದರೆ ಸೈಟು ವಾಪಸ್ಸು ಅಂತ ನೋಟೀಸು ಬೇರೆ!

ಕೊನೆಗೆ ಯಡಿಯೂರಿನ ಬೈರಣ್ಣನನ್ನು ಹಿಡಿದೆ. ಸುಡದ ಮಣ್ಣಿನ ಇಟ್ಟಿಗೆ ಹಾಕುವುದರಲ್ಲಿ ಪಳಗಿದ ಕೈ. ಪಾಪಾಸುಕಳ್ಳಿ ಕೊಚ್ಚಿ ಪೀಪಾಯಿ ನೀರಿನಲ್ಲಿ ನೆನೆಹಾಕಿದ.

"ಹದಿನೈದು ದಿನ ಕೊಳೀಬೇಕು ಸಾರ್. ಆ ಲೋಳೇಲಿ ಮಣ್ಣು ಕಲಸಿದ್ರೆ ಮಳೆ ಬಂದ್ರೂ ಇಟ್ಟಿಗೆ ಕರಗಲ್ಲ."

ಅಬ್ಬಬ್ಬಾ, ಆ ನಾತ! ಸೈಟಿನ ಪಕ್ಕದಲ್ಲೇ ನಮ್ಮ ಬಾಡಿಗೆ ಮನೆ, ಊಟ ಸೇರುತ್ತಿರಲಿಲ್ಲ. "ಮನೆ ಕಟ್ತಿದೀರೋ, ಮೋರಿ ಕಟ್ತಿದೀರೋ?" ಎಂದು ಹೆಂಡತಿ ಅಲಮೇಲು ದಿನಾ ರಾಗ ತೆಗೆದಳು. ರೋಸಿಹೋಗಿ ಎಂಟನೆಯ ದಿನ ಪೀಪಾಯಿಗೆ ಒಂದು ಬಾಟಲಿ ಫಿನಾಯಿಲು ಸುರಿದೆ. ನಾತ ಇಳಿಯಿತು. ನಶ್ಯ ಏರಿಸಿ ಏರಿಸಿ ಮೂಗು ಸತ್ತಿದ್ದ ಬೈರಣ್ಣನಿಗೆ ಅದು ತಿಳಿಯಲಿಲ್ಲ, ನಾನೂ ಹೇಳಲಿಲ್ಲ.

ಕಲಸುವ ದಿನ ಅವನು ಲೋಳೆಯನ್ನು ಬೆರಳಲ್ಲಿ ಎಳೆದು ನೋಡಿದ. "ಯಾಕೋ ಅಂಟೇ ಬಂದಿಲ್ಲ. ಇನ್ನೊಂದ್ ವಾರ ಬಿಡಣ ಸಾರ್."

"ದೀಪಾವಳಿ ನಿನಗೋಸ್ಕರ ಕಾಯತ್ತಾ? ಕಲಸು!" ಅಂದೆ.

ಎಂಟುನೂರು ಇಟ್ಟಿಗೆ ಚೆನ್ನಾಗಿ ಒಣಗಿದವು. ಆಮೇಲೆ ಒಂದು ಮಧ್ಯಾಹ್ನ ಒಂದೇ ಗಂಟೆ ಮಳೆ ಬಂದು ಎಲ್ಲ ರಾಡಿಯಾಯಿತು. ಬೀದಿಯವರೆಲ್ಲ ನೋಡುತ್ತಿದ್ದಂತೆ ಬೈರಣ್ಣನ ಮೇಲೆ ಎಗರಿದೆ. ಪಾಪ, ಮಣ್ಣಿನಲ್ಲೇ ದೋಷವಿತ್ತೇನೋ ಅಂದ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನಡಿ ಆಚೆ!"

ತಲೆ ತಗ್ಗಿಸಿ ಹೋದ.

ಮೂರನೆಯ ದಿನ ಸಂಜೆ ತನ್ನ ಇಟ್ಟಿಗೆಯ ಅಚ್ಚು ಒಯ್ಯಲು ಬಂದ. ಅಲಮೇಲು ಕಾಫಿ ಕೊಡುತ್ತಾ, "ಇವ್ರು ಪೀಪಾಯಿಗೆ ಫಿನಾಯಿಲ್ ಸುರಿದ್ರಲ್ಲ, ಅದರಿಂದೇನಾದ್ರೂ ಕೆಟ್ಟಿತೇನು ಬೈರಣ್ಣ?" ಎಂದುಬಿಟ್ಟಳು.

ಅವನು ಲೋಟ ಕೆಳಗಿಟ್ಟ. ಬೈಯುತ್ತಾನೆಂದು ಕಾದೆ; ಬೈದಿದ್ದರೆ ವಾಸಿಯಿತ್ತು.

"ಫಿನಾಯಿಲ್ ಬಿದ್ರೆ ಎಲ್ಲಿ ಕೊಳಿತದೆ ಸಾರ್? ಕೊಳೀದಿದ್ರೆ ಅಂಟೆಲ್ಲಿ ಬರ್ತದೆ? ಮೂರು ದಿನದಿಂದ ನಮ್ಮಪ್ಪನ್ನ ಬೈಕೊಂಡು ತಿರುಗ್ತಿದೀನಿ. ಸುಳ್ಳು ಕಸುಬು ಕಲಿಸಿ ಸತ್ತ ಅಂತ. ಇವತ್ತು ಪಿತೃಪಕ್ಷದ ಅಮಾಸೆ. ಅವನಿಗೆ ಎಡೆ ಇಡಬೇಡಿ ಅಂತ ಮನೇಲಿ ಹೇಳಿ ಬಂದೆ."

ಇನ್ನೊಮ್ಮೆ ಕಳ್ಳಿ ನೆನೆಹಾಕಿ ಇಟ್ಟಿಗೆ ಒಣಗಿಸಿ ಗೋಡೆ ಎಬ್ಬಿಸಲು ದೀಪಾವಳಿಗೆ ಉಳಿದ ಒಂದು ತಿಂಗಳು ಸಾಲದು. ಸೈಟು ಹೋದ ಹಾಗೇ ಲೆಕ್ಕ. ಆದರೆ ಆ ಹೊತ್ತಿಗೆ ಅದು ದೊಡ್ಡದೆನಿಸಲಿಲ್ಲ.

ಬೈರಣ್ಣ ಅಚ್ಚನ್ನು ಅಲ್ಲೇ ಬಿಟ್ಟು ಎದ್ದ. "ಹೊತ್ತು ಮುಳುಗೋದ್ರೊಳಗೆ ಅಪ್ಪನ ಹತ್ರ ತಪ್ಪಾಯ್ತು ಅನ್ಬೇಕು" ಎನ್ನುತ್ತಾ ಓಡುನಡಿಗೆಯಲ್ಲಿ ಹೋದ. ತಪ್ಪು ಮಾಡಿದವನು ನಾನು, ಬಾಯಿಬಿಡದೆ ಬಾಗಿಲಲ್ಲೇ ನಿಂತಿದ್ದೆ.